ಅಕ್ಕಿ ಡಬ್ಬದಲ್ಲಿ ಫ್ಲಾಪಿ ಇಟ್ಟ ಬಾಯಮ್ಮ

ಬಾಯಮ್ಮ ತೀರಿಕೊಂಡ ಸುದ್ದಿ ಬಂದಾಗ ನಾನು ಅಂಗಡಿಯ ಶಟರ್ ಅರ್ಧ ಎತ್ತಿದ್ದೆ. ಪೂರ್ತಿ ಎತ್ತಬೇಕೋ ಇಳಿಸಬೇಕೋ ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಬಗ್ಗಿ ನಿಂತಿದ್ದು, ಆಮೇಲೆ ಇಳಿಸಿದೆ. ಅವರಿದ್ದಿದ್ದರೆ ಬೈಯುತ್ತಿದ್ದರು. ಸಾವಿನ ಮನೆಗೆ ಹೋಗುವವನು ಅಂಗಡಿಗೆ ಯಾಕೆ ಬಂದದ್ದು, ಅಂಗಡಿಗೆ ಬಂದವನು ಯಾಕೆ ಮುಚ್ಚಿದ್ದು ಎಂದು ಎರಡೂ ಕಡೆಯಿಂದ ಬೈಯುವ ಶಕ್ತಿ ಅವರಿಗಿತ್ತು. ಅಂಥ ಬೈಗುಳ ಇನ್ನು ಕೇಳುವುದಿಲ್ಲವಲ್ಲ ಅನ್ನಿಸಿ ಗಲ್ಲಿಯಲ್ಲೇ ಕಣ್ಣು ತುಂಬಿ ಬಂತು.

ಸಕಲೇಶಪುರದ ಹಳೇ ಬಸ್ ಸ್ಟ್ಯಾಂಡ್ ಪಕ್ಕದ ಗಲ್ಲಿಯಲ್ಲಿ ನನ್ನದು ಸ್ಟೇಷನರಿ ಅಂಗಡಿ. ಗೋಡೆಯಾಚೆ ಅವರ ಡಿಟಿಪಿ ಸೆಂಟರ್. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಗಿರಾಕಿಗಳಿಗೆ ಒಂದು ಬೆಂಚು, ಅಷ್ಟೇ. ಮದುವೆ ಕಾರ್ಡು, ಗೃಹಪ್ರವೇಶದ ಕಾಗದ, ಸಂಘದ ವರದಿ, ಶಾಲೆಯ ಪ್ರಶ್ನೆಪತ್ರಿಕೆ ಎಲ್ಲವನ್ನೂ ಅವರು ಕಂಪ್ಯೂಟರಿನಲ್ಲಿ ಜೋಡಿಸಿ, ತಿದ್ದಿ, ಅಚ್ಚಿಗೆ ಹಾಸನದ ಪ್ರೆಸ್ಸಿಗೆ ಬಸ್ಸಿನಲ್ಲಿ ಕಳಿಸುತ್ತಿದ್ದರು. ಬೋರ್ಡಿನ ಮೇಲಿದ್ದದ್ದು ತೀರಿಹೋದ ಗಂಡನ ಹೆಸರು. ಕರಾವಳಿ ಕಡೆಯ ಕ್ರಿಶ್ಚಿಯನ್ ಹೆಂಗಸರನ್ನು ನಮ್ಮವರು ಬಾಯಮ್ಮ ಎಂದು ಕರೆದುಬಿಡುತ್ತಾರೆ. ಹಾಗಾಗಿ ಅವರ ಸ್ವಂತ ಹೆಸರು ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದಿತ್ತು. ಇಷ್ಟು ವರ್ಷ ಬೇಕಾಗದ ಹೆಸರು ಈಗ ಇಲ್ಲಿಯೂ ಬೇಡ.

ಮೊದಲು ಅವರು ಹಾನುಬಾಳು ಕಡೆಯ ಎಸ್ಟೇಟೊಂದರಲ್ಲಿದ್ದರು. ಗಂಡ ಅಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಸ್ಟೋರಿನ ಲೆಕ್ಕ ನೋಡುವವರು. ಮಕ್ಕಳಿರಲಿಲ್ಲ. ಗಂಡ ಹೋದ ಮೇಲೆ ಮಂಗಳೂರಿನಿಂದ ತಂಗಿ ಬಂದು ಕರೆದುಕೊಂಡು ಹೋದಳು. ಅಲ್ಲಿ ಸುಮ್ಮನೆ ಕೂರಲಾರದೆ ಕಂಪ್ಯೂಟರ್ ಕಲಿತು, ಕಲಿತದ್ದೇ ನೆಪವಾಗಿ ವಾಪಸು ಬಂದುಬಿಟ್ಟರು. ಯಾಕೆ ಬಂದಿರಿ, ಮಂಗಳೂರಿನಲ್ಲಿ ಈ ಕೆಲಸಕ್ಕೆ ಇನ್ನೂ ಗಿರಾಕಿ ಇರುತ್ತಿತ್ತಲ್ಲ ಎಂದು ನಾನೊಮ್ಮೆ ಕೇಳಿದ್ದೆ.

"ಅವರು ಮಣ್ಣಾದದ್ದು ಇಲ್ಲಿ. ನಾನು ಅಲ್ಲಿ ಕೂತು ಎಂತ ಮಾಡುವುದು ಮಾರಾಯ್ರೆ?" ಎಂದರು. ಅಷ್ಟು ಹೇಳಿ ಮತ್ತೆ ಕೀಬೋರ್ಡಿಗೆ ತಿರುಗಿದರು.

ಘಟ್ಟ ಹತ್ತಿ ಬಂದು ಅಷ್ಟು ವರ್ಷವಾದರೂ ಅವರ ಮಾತು ಘಟ್ಟ ಹತ್ತಿರಲಿಲ್ಲ. ನಾವು 'ಐತೆ' ಎಂದರೆ ಅವರು 'ಉಂಟು' ಎನ್ನುತ್ತಿದ್ದರು. ಸಣಕಲು ಮೈ, ನೂಲಿನ ಸೀರೆ, ಕತ್ತಿಗೆ ದಾರ ಕಟ್ಟಿದ ಕನ್ನಡಕ. ಪ್ರೂಫ್ ಓದುವಾಗ ಪ್ರತಿ ಸಾಲಿನ ಕೆಳಗೆ ಮರದ ಸ್ಕೇಲಿಟ್ಟು ಓದುವರು. ಆಗ ಯಾರಾದರೂ ಮಾತಾಡಿಸಿದರೆ ಸ್ಕೇಲು ಮೇಲೇಳುತ್ತಿತ್ತು. ಯಾರಿಗೂ ಹೊಡೆದಿಲ್ಲ, ಆದರೆ ಹೊಡೆಯಲಾರರು ಎಂಬ ನಂಬಿಕೆಯೂ ಯಾರಿಗೂ ಇರಲಿಲ್ಲ.

ಅವರ ಬಾಯಲ್ಲಿ ಸದಾ ಇರುತ್ತಿದ್ದ ಪ್ರಶ್ನೆ ಒಂದೇ. "ಇನ್ನೊಂದು ಎಲ್ಲುಂಟು?" ಯಾರಾದರೂ ಫ್ಲಾಪಿ ತಂದು ಕೈಗೆ ಕೊಟ್ಟರೆ ಇದರ ಇನ್ನೊಂದು ನಕಲು ಎಲ್ಲುಂಟು ಎಂದು ಕೇಳುವರು. ಇಲ್ಲ ಎಂದವರನ್ನು ನಿಲ್ಲಿಸಿ ಬೈದು, ತಾವೇ ಒಂದು ನಕಲು ತೆಗೆದಿಟ್ಟು ಕಳಿಸುವರು. ನನ್ನ ಅಂಗಡಿಯ ಬೀಗದ ಕೈಗೂ ಅದೇ ಪ್ರಶ್ನೆ ಬಂದಿತ್ತು. ಇನ್ನೊಂದು ಇಲ್ಲ ಎಂದದ್ದಕ್ಕೆ ಮಾರನೇ ದಿನವೇ ಮಾಡಿಸಬೇಕಾಯಿತು. ಅದು ಅವರ ಡ್ರಾಯರಿನಲ್ಲೇ ಇರುತ್ತಿತ್ತು.

ಶನಿವಾರ ಸಂಜೆ ಗಿರಾಕಿಗಳಿಗೆ ಪ್ರವೇಶವಿಲ್ಲ. ಆ ವಾರ ಮಾಡಿದ ಕೆಲಸವನ್ನೆಲ್ಲ ಎರಡೆರಡು ಫ್ಲಾಪಿಗೆ ಇಳಿಸುವ ಹೊತ್ತು ಅದು. ಒಂದು ಅಂಗಡಿಯ ಡ್ರಾಯರಿಗೆ, ಇನ್ನೊಂದು ಊಟದ ಚೀಲದಲ್ಲಿ ಮನೆಗೆ. ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಫ್ಲಾಪಿ ಯಾವ ಲೆಕ್ಕ? ಡ್ರಾಯರಿನಲ್ಲಿದ್ದವು ಒಂದು ಆಷಾಢಕ್ಕೇ ಬಿಳಿ ಬಿಳಿ ಆಗಿದ್ದವು. ಆಮೇಲೆ ಬಾಯಮ್ಮ ತಮ್ಮದೇ ಉಪಾಯ ಕಂಡುಕೊಂಡರು. ಮನೆಯ ಫ್ಲಾಪಿಗಳನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬದೊಳಗೆ ಹೂತಿಡುವುದು. ಅಕ್ಕಿ ತೇವ ಎಳೆಯುತ್ತದೆ ಎಂಬುದು ಅವರ ವಾದ. ನಿಜವೂ ಹೌದು. ಆದರೆ ಅಕ್ಕಿಯ ಜೊತೆ ತೌಡಿನ ಪುಡಿಯೂ ಇರುತ್ತದೆ. ಅದು ಫ್ಲಾಪಿಯ ಬಾಯೊಳಗೆ ಹೋಗಿ, ಕಂಪ್ಯೂಟರಿಗೆ ಹಾಕಿದರೆ ಕರಕರ ಸದ್ದು ಮಾಡುವುದು. ಒಮ್ಮೆ ಒಂದು ಹುಳ ಜೀವಂತ ಹೊರಗೆ ಬಂದಿತ್ತು. ಗಿರಾಕಿ ಎದುರಿಗೇ ಇದ್ದ. ಬಾಯಮ್ಮ ಅದನ್ನು ಬೆರಳಲ್ಲಿ ತೆಗೆದು ಹೊರಗೆ ಬಿಟ್ಟು, "ನಿಮ್ಮ ವರದಿ ಅದು ತಿಂದಿಲ್ಲ, ಹೆದರಬೇಡಿ" ಎಂದಿದ್ದರು.

ಆಯುಧಪೂಜೆಯ ಕಥೆ ಇನ್ನೊಂದು. ಗಲ್ಲಿಯ ಪೂಜೆಗೆ ಯಜಮಾನಿಕೆ ವಹಿಸುವ ಟೈರ್ ಅಂಗಡಿಯವನು ಬಾಯಮ್ಮನ ಕಂಪ್ಯೂಟರನ್ನು ಬಿಡಬಾರದೆಂದು ಅದಕ್ಕೂ ಅರಿಶಿನ ಕುಂಕುಮ ಹಚ್ಚಿ, ಫ್ಲಾಪಿ ಹಾಕುವ ಸಂದಿಗೇ ಹೂ ಸಿಕ್ಕಿಸಿದ. ಕುಂಕುಮ ಒಳಗೆ ಇಳಿಯಿತು. ಬಾಯಮ್ಮ ಬೇಡ ಎನ್ನಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಮಾರನೇ ದಿನ ಇಡೀ ದಿನ ಕೂತು ಹತ್ತಿ, ಸ್ಪಿರಿಟ್ ಇಟ್ಟುಕೊಂಡು ಅದನ್ನು ಸ್ವಚ್ಛ ಮಾಡಿದರು. ಯಾಕೆ ತಡೆಯಲಿಲ್ಲ ಎಂದೆ. "ಅವನು ನನ್ನನ್ನೂ ಗಲ್ಲಿಯವಳು ಅಂತ ಲೆಕ್ಕ ಹಾಕಿದ್ದಲ್ವಾ, ಬೇಡ ಅಂತ ಹೇಗೆ ಹೇಳುವುದು?" ಎಂದರು.

ಕಳೆದುಹೋದದ್ದನ್ನು ಹುಡುಕಿ ತೆಗೆಯುವಾಗ ಅವರ ಮುಖ ನೋಡಬೇಕಿತ್ತು. ತಾಲ್ಲೂಕಿನ ಅರ್ಧ ಜನ ತಮ್ಮ ಹಾಳಾದ ಫ್ಲಾಪಿ ಹಿಡಿದು ಅವರ ಬೆಂಚಿನ ಮೇಲೆ ಕೂತವರೇ. ಬಾಯಮ್ಮ ಫ್ಲಾಪಿಯ ಪ್ಲಾಸ್ಟಿಕ್ಕಿನ ಕವಚವನ್ನು ಬ್ಲೇಡಿನಿಂದ ಬಿಡಿಸಿ, ಒಳಗಿನ ತೆಳು ತಟ್ಟೆಯನ್ನು ಒರೆಸಿ, ಒಣಗಿಸಿ, ಹೊಸ ಕವಚದೊಳಗೆ ಕೂರಿಸುವರು. ಕೈ ಕೆಲಸ ಮಾಡುತ್ತಿರುವಷ್ಟು ಹೊತ್ತೂ ಬಾಯಿ ಫ್ಲಾಪಿಯ ಯಜಮಾನನನ್ನು ಬೈಯುತ್ತಿರುತ್ತಿತ್ತು. ಪರದೆಯ ಮೇಲೆ ಅಕ್ಷರ ಮೂಡಿದಾಗ ಮಾತ್ರ ಬೈಗುಳ ನಿಲ್ಲುತ್ತಿತ್ತು. ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಬಹಳ ಮೆಲ್ಲಗೆ "ಬಂತು" ಎನ್ನುವರು. ಗೋಡೆಯಾಚೆಯಿಂದ ಅದು ನನಗೂ ಕೇಳಿಸುತ್ತಿತ್ತು. ನನ್ನದೇನೂ ಕಳೆದಿರದಿದ್ದರೂ ಸಂತೋಷವಾಗುತ್ತಿತ್ತು.

ಇಷ್ಟೆಲ್ಲದರ ಜೊತೆ ಇನ್ನೊಂದು ಗುಣ ಅವರಿಗಿತ್ತು. ತಪ್ಪು ಮಾಡಿದರೆ ಬಚ್ಚಿಡಲು ಬರುತ್ತಿರಲಿಲ್ಲ. ಆಲೂರಿನಾಚೆಯ ಪಾಳ್ಯದ ಒಬ್ಬರ ಗೃಹಪ್ರವೇಶದ ಕಾಗದದಲ್ಲಿ ವಾರ ತಪ್ಪಾಗಿತ್ತು. ತಾರೀಕು ಸರಿಯಿತ್ತು, ಯಾರೂ ಗಮನಿಸಿರಲಿಲ್ಲ. ಬಾಯಮ್ಮ ಆಲೂರಿಗೆ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಆ ಮನೆಯವರ ಮುಂದೆ ನಿಂತು ತಪ್ಪೊಪ್ಪಿಕೊಂಡು ಬಂದರು. ಅವರು ಕಾಫಿ ಕೊಟ್ಟು ನಕ್ಕು ಕಳಿಸಿದರಂತೆ. "ತಪ್ಪು ಬಿಸಿ ಇರುವಾಗಲೇ ಹೇಳಿಬಿಡಬೇಕು. ಆರಿದ ಮೇಲೆ ಗಂಟಲಲ್ಲಿ ಇಳಿಯುವುದಿಲ್ಲ" ಎನ್ನುತ್ತಿದ್ದರು. ಆ ಗುಣವನ್ನು ನಾನು ಬಹಳ ಮೆಚ್ಚಿದ್ದೆ. ಬೆಳಗೋಡಿನ ಗೌಡರ ವಿಷಯದಲ್ಲಿ ಅದೇ ಗುಣ ಅವರನ್ನು ಹಣಿದುಬಿಟ್ಟಿತು.

ಗೌಡರು ಬೆಳಗೋಡಿನ ಹತ್ತಿರದ ಮಧ್ಯಮ ತರಗತಿಯ ಕುಳ. ಸ್ವಲ್ಪ ಕಾಫಿ, ಸ್ವಲ್ಪ ಗದ್ದೆ, ಮೆಣಸು. ಇಬ್ಬರು ಗಂಡುಮಕ್ಕಳು, ನಡುವೆ ಒಬ್ಬಳು ಹೆಣ್ಣುಮಗಳು. ಹಿರಿಯವನ ಮದುವೆ ಕಾರ್ಡು ಬಾಯಮ್ಮನೇ ಮಾಡಿದ್ದು. ಕಾರ್ಡಿನ ಕೊನೆಯಲ್ಲಿ 'ತಮ್ಮ ಸುಖಾಗಮನ ಬಯಸುವವರು' ಎಂದು ಮನೆಯವರ ಹೆಸರು ಬರುತ್ತದಲ್ಲ, ಅಲ್ಲಿ ಮಗಳ ಹೆಸರೂ ಇತ್ತು. ಹೆಸರಿನ ಹಿಂದೆ ಕುಮಾರಿ ಎಂದಿತ್ತು. ಆ ಮದುವೆಯಾದ ಸ್ವಲ್ಪ ದಿನಕ್ಕೆ ಆ ಹುಡುಗಿ ಹಾನುಬಾಳಿನಲ್ಲಿ ಜೀಪು ಓಡಿಸುವ ಹುಡುಗನ ಜೊತೆ ಹೋಗಿ ಮದುವೆ ಮಾಡಿಕೊಂಡಳು. ಹುಡುಗ ಬೇರೆ ಜಾತಿ. ಗೌಡರು ಊರವರ ಮುಂದೆ ಅವಳಿಗೆ ಎಳ್ಳುನೀರು ಬಿಟ್ಟೆ ಎಂದರು. ಬರೀ ಬಾಯಿಮಾತಲ್ಲ, ಬದುಕಿರುವ ಮಗಳು ಸತ್ತಳೆಂದು ತಲೆಗೆ ಸ್ನಾನ ಮಾಡಿ ಬಂದರು.

ಒಂದೆರಡು ವರ್ಷದ ಮೇಲೆ ಕಿರಿಯ ಮಗನ ಮದುವೆ ಗೊತ್ತಾಯಿತು. ಗೌಡರು ಬಂದು ಬೆಂಚಿನ ಮೇಲೆ ಕೂತು, "ದೊಡ್ಡೋನ್ ಕಾರ್ಡ್ ಐತಲ್ಲ ಬಾಯಮ್ಮ, ಅದ್ರಲ್ಲೇ ಮಾಡಿ. ಗಂಡು ಹೆಣ್ಣು ಹೆಸ್ರು ಬದ್ಲಾಯ್ಸಿ. ಅವಳ್ ಹೆಸ್ರು ತೆಗ್ದಾಕಿ" ಎಂದರು. ಅವಳು ಎಂದಾಗ ಯಾರೆಂದು ಬಾಯಮ್ಮ ಕೇಳಲಿಲ್ಲ. ಅವರ ಎದುರಿಗೇ ಅಳಿಸಿದರು. ಪ್ರೂಫ್ ತೆಗೆದು ಕೊಟ್ಟರು. ಗೌಡರು ಓದಿ ಸರಿಯಿದೆ ಎಂದು ಅದನ್ನು ಮನೆಗೆ ಒಯ್ದರು.

ಆ ವಾರವೇ ಸಿಡಿಲು. ಬೇಸಿಗೆಯ ಮೊದಲ ಮಳೆಯಲ್ಲಿ ನಮ್ಮ ಗುಡ್ಡಗಳ ಮೇಲೆ ಬೀಳುವ ಸಿಡಿಲಿಗೆ ಕಣ್ಣೂ ಕಿವಿಯೂ ಇಲ್ಲ. ಬಾಯಮ್ಮ ಕರೆಂಟಿನ ವೈರು ಕಿತ್ತಿದ್ದರು, ಫೋನಿನ ವೈರು ಮರೆತಿದ್ದರು. ಅದರೊಳಗಿಂದ ಬಂದು ಕಂಪ್ಯೂಟರ್ ಸುಟ್ಟುಹೋಯಿತು. ಮದುವೆಗಳ ಕಾಲ. ಯಾರ್ಯಾರದೋ ಕಾರ್ಡುಗಳೆಲ್ಲ ಅದರೊಳಗಿದ್ದವು. ಗಲ್ಲಿಯ ಫೋನುಗಳೂ ಸತ್ತಿದ್ದವು.

ಹಾಸನದಿಂದ ಬಾಡಿಗೆಗೆ ಇನ್ನೊಂದು ಕಂಪ್ಯೂಟರ್ ತರಿಸಿ, ಬಾಯಮ್ಮ ಮನೆಯ ಅಕ್ಕಿ ಡಬ್ಬವನ್ನೇ ಹೊತ್ತು ತಂದರು. ಶನಿವಾರದ ನಕಲುಗಳಿಂದ ಒಂದೊಂದೇ ಕಾರ್ಡನ್ನು ಎಬ್ಬಿಸತೊಡಗಿದರು. ಗೌಡರ ಕಿರಿಯ ಮಗನ ಕಾರ್ಡು ಶನಿವಾರದ ನಂತರ ಮಾಡಿದ್ದು, ಅದು ಯಾವ ನಕಲಿನಲ್ಲೂ ಇರಲಿಲ್ಲ. ಹಿರಿಯವನದೇ ಗತಿ. ಅದರ ಡ್ರಾಯರಿನ ನಕಲನ್ನು ಬೂಷ್ಟು ತಿಂದಿತ್ತು, ಮನೆಯ ಫ್ಲಾಪಿಗೆ ತೌಡು ಹೋಗಿ ಕೂತಿತ್ತು. ಕವಚ ಬಿಡಿಸಿ, ಒರೆಸಿ, ಬೇರೆ ಕವಚಕ್ಕೆ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿ, ಮಧ್ಯಾಹ್ನದ ಊಟ ಬಿಟ್ಟು ಪ್ರಯತ್ನಪಟ್ಟರು. ಗಲ್ಲಿಯವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕೊನೆಗೆ "ಬಂತು" ಎಂದಾಗ ಟೈರ್ ಅಂಗಡಿಯವನು ಚಪ್ಪಾಳೆ ತಟ್ಟಿದ. ನಾನು ಎಲ್ಲರಿಗೂ ಕಾಫಿ ತರಿಸಿದೆ. ಪ್ರೆಸ್ಸಿಗೆ ಪಾರ್ಸೆಲ್ ಒಯ್ಯುವ ಸಂಜೆಯ ಬಸ್ಸಿಗೆ ಹೆಚ್ಚು ಹೊತ್ತಿರಲಿಲ್ಲ. ಬಾಯಮ್ಮ ಗೌಡರು ಬರೆದುಕೊಟ್ಟಿದ್ದ ಚೀಟಿ ನೋಡಿ ಗಂಡು ಹೆಣ್ಣಿನ ಹೆಸರು, ಮುಹೂರ್ತ, ಕಲ್ಯಾಣ ಮಂಟಪ ಎಲ್ಲ ಬದಲಾಯಿಸಿ ಕಳಿಸಿಕೊಟ್ಟರು. ಕೊನೆಯ ಹೆಸರುಗಳ ಸಾಲು ಹಳೆಯದಾಗಿಯೇ ಉಳಿಯಿತು.

ಕಾರ್ಡುಗಳು ಅಚ್ಚಾಗಿ ನೇರ ಗೌಡರ ಮನೆಗೆ ಹೋದವು. ಮೂಲೆಗೆ ಅರಿಶಿನ ಹಚ್ಚಿ, ಗೌಡರು ಊರೂರು ತಿರುಗಿ ಹಂಚಿದರು. ಓದಿ ಒಪ್ಪಿದ್ದ ಕಾರ್ಡನ್ನು ಮತ್ತೆ ಯಾರು ಓದುತ್ತಾರೆ? ನನ್ನ ಅಂಗಡಿಗೂ ಒಂದು ಕೊಟ್ಟು ಹೋದರು. ಅದು ಮೇಜಿನ ಮೇಲಿದ್ದಾಗ ಬಾಯಮ್ಮ ಪೆನ್ನು ಕೇಳಲು ಬಂದವರು ಅಭ್ಯಾಸಬಲದಿಂದ ಕೈಗೆತ್ತಿಕೊಂಡು ಓದತೊಡಗಿದರು. ಕೊನೆಗೆ ಬಂದಾಗ ಅವರ ಮುಖ ಬಿಳಿಚಿಕೊಂಡಿತು.

"ನಾನು ಈಗಲೇ ಬೆಳಗೋಡಿಗೆ ಹೋಗ್ತೇನೆ. ಬರ್ತೀರಾ?" ಎಂದರು. ಮಂಡಿನೋವಿನ ಹೆಂಗಸನ್ನು ಒಬ್ಬರನ್ನೇ ಕಳಿಸುವುದು ಹೇಗೆಂದು ಹೊರಟೆ.

ಗೌಡರು ಜಗಲಿಯ ಮೇಲಿದ್ದರು. ಬಾಯಮ್ಮ ನಿಂತೇ ಹೇಳಿದರು. "ಗೌಡ್ರೆ, ಕಾರ್ಡಿನಲ್ಲಿ ಒಂದು ತಪ್ಪಾಗಿದೆ. ಸಿಡಿಲು ಹೊಡೆದದ್ದು, ಹಳೇ ಫೈಲು ತೆಗೆದದ್ದು, ಅದೆಲ್ಲ ನೆಪ. ತಪ್ಪು ನನ್ನದೇ. ನಿಮ್ಮ ಮಗಳ ಹೆಸರು ಉಳಿದುಬಿಟ್ಟಿದೆ."

ಗೌಡರು ಕನ್ನಡಕ ಹಾಕಿಕೊಂಡು ಕಾರ್ಡನ್ನು ಬೆಳಕಿಗೆ ಹಿಡಿದರು. ಬಹಳ ಹೊತ್ತು ಓದಿದರು. "ಅದುಕ್ಕೇಯ," ಎಂದರು ಕೊನೆಗೆ. "ಹೋದ್ ಹೋದ್ ಮನೇಲೆಲ್ಲ 'ಒಳ್ಳೆ ಕೆಲ್ಸ ಮಾಡಿದ್ರಿ ಗೌಡ್ರೆ' ಅಂತಾವ್ರೆ. ನಾನು ಸಂಬಂಧ ಒಳ್ಳೇದು ಸಿಕ್ತು ಅಂತ ಹೇಳ್ತಾವ್ರೆ ಅಂದ್ಕಂಡಿದ್ದೆ." ಆಮೇಲೆ ಬಾಗಿಲಲ್ಲಿ ನಿಂತಿದ್ದ ಹೆಂಡತಿಯತ್ತ ತಿರುಗಿ, "ಅವಳಿಗೂ ಹೋಗೈತಾ ಇದು?" ಎಂದು ಕೇಳಿದರು.

"ಹೋಗೈತೆ. ನಾನೇ ಕಳಿಸ್ದೆ" ಎಂದರು ಆಕೆ.

ಬೈಗುಳ ಬೀಳುತ್ತದೆ ಎಂದು ನಾನು ಕಾದೆ. ಗೌಡರು ಮತ್ತೆ ಕಾರ್ಡಿನ ಕಡೆಗೇ ನೋಡಿದರು.

"ಹಾಗಾದರೆ ನಾನೇ ಹೋಗಿ ಅವಳಿಗೆ ಹೇಳ್ತೇನೆ," ಎಂದರು ಬಾಯಮ್ಮ. "ಪಾಪದ್ದು, ಕರೆದಿದ್ದಾರೆ ಅಂತ ಬಂದು ಛತ್ರದ ಬಾಗಿಲಲ್ಲಿ ಅವಮಾನ ಆಗುವುದು ಬೇಡ."

ಗೌಡರು ಹೋಗಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಕಾರ್ಡನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡು, "ಮೆಣಸು ಒಣಗಕ್ ಹಾಕಿವ್ನಿ, ಮೋಡ ಆಯ್ತಾ ಐತೆ" ಎಂದು ಕಣದ ಕಡೆ ಎದ್ದು ಹೋದರು. ಅವರ ಹೆಂಡತಿ ನಮ್ಮನ್ನು ಬೇಲಿಯ ತನಕ ಕಳಿಸಲು ಬಂದರು. "ಬಾಯಮ್ಮ, ಇನ್ನೊಂದೆರಡ್ ದಿನ ಬುಟ್ಕಂಡ್ ಹೋಗಿ" ಎಂದರು ಸಣ್ಣ ದನಿಯಲ್ಲಿ.

"ಎರಡು ದಿನ ಬಿಟ್ಟರೆ ತಪ್ಪು ಸರಿಯಾಗ್ತದಾ ಅಮ್ಮ?" ಎಂದರು ಬಾಯಮ್ಮ. ಆಕೆ ಸೆರಗಿನ ತುದಿ ಹಿಡಿದುಕೊಂಡು ಬೇಲಿಯ ಹತ್ತಿರವೇ ಉಳಿದರು. ಆಕೆ ಏನು ಬೇಡುತ್ತಿದ್ದರೆಂದು ನಮಗಿಬ್ಬರಿಗೂ ಆಗ ತಿಳಿಯಲಿಲ್ಲ.

ಮಾರನೇ ದಿನ ಹಾನುಬಾಳಿಗೆ ಹೋದೆವು. ರಸ್ತೆ ಬದಿಯ ಎರಡು ಕೋಣೆಯ ಮನೆ. ಗಂಡ ಜೀಪು ತೆಗೆದುಕೊಂಡು ಹೋಗಿದ್ದ. ಹುಡುಗಿ ನಮ್ಮನ್ನು ನೋಡಿ ಮುಖವೆಲ್ಲ ನಗುವಾದಳು. ಗೋಡೆಯ ಕನ್ನಡಿಯ ಚೌಕಟ್ಟಿಗೆ ಮದುವೆ ಕಾರ್ಡು ಸಿಕ್ಕಿಸಿತ್ತು. ಆಗತಾನೆ ನಡೆಯಲು ಕಲಿತ ಹೆಣ್ಣುಮಗುವೊಂದು ಹೊಸ್ತಿಲು ಹಿಡಿದು ನಿಂತಿತ್ತು. "ಕೂತ್ಕಳಿ ಬಾಯಮ್ಮ, ಕಾಫಿ ಇಡ್ತೀನಿ. ಎಷ್ಟ್ ಚೆಂದ ಮಾಡಿದೀರಿ ಕಾರ್ಡು" ಎಂದಳು.

ಬಾಯಮ್ಮ ಕೂರಲಿಲ್ಲ. ಹೇಳಿಬಿಟ್ಟರು. ಕಾಫಿಗೆ ಮೊದಲೇ, ಬಿಸಿ ಇರುವಾಗಲೇ.

ಹುಡುಗಿ ಕನ್ನಡಿಯ ಕಡೆ ನೋಡಿದಳು. "ಕುಮಾರಿ ಅಂತ ಐತಲ್ಲ ಬಾಯಮ್ಮ. ಅದ್ನ ನೋಡಿ ನಾನೇ ಲೆಕ್ಕ ಹಾಕ್ಕಂಡೆ. ನಮ್ ಮದ್ವೆನ ಅಪ್ಪ ಇನ್ನೂ ಒಪ್ಪಿಲ್ಲ, ಅದುಕ್ಕೆ ಕುಮಾರಿ ಅಂತ ಹಾಕ್ಸವ್ರೆ, ಆದ್ರೆ ನನ್ನ ಬುಟ್ಟಿಲ್ಲ ಅಂತ."

"ಅದು ಹಳೇ ಫೈಲು ಮಗಾ. ನಿನ್ನ ಅಣ್ಣನ ಮದುವೆಯದ್ದು. ಆಗ ನೀನು ಕುಮಾರಿಯೇ."

"ಹೂಂ" ಎಂದಳು. ಅಳಲಿಲ್ಲ. ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದಳು. "ಮಗೀಗೆ ಹೊಸ ಫ್ರಾಕ್ ತಂದಿದ್ದೆ. ಪರ್ವಾಗಿಲ್ಲ, ಇನ್ನೆಲ್ಲಿಗಾದ್ರೂ ಆಯ್ತದೆ" ಎಂದಳು. ಬಸ್ಸಿನಲ್ಲಿ ವಾಪಸು ಬರುವಾಗ ಬಾಯಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಇದ್ದರು. "ಹೇಳಿದ್ದು ಸರಿ ಅಲ್ವಾ?" ಎಂದು ಒಮ್ಮೆ ಕೇಳಿದರು. ಸರಿ ಎಂದೆ. ನನಗೂ ಹಾಗೇ ಅನ್ನಿಸಿತ್ತು.

ಮದುವೆಗೆ ಬಾಯಮ್ಮ ಬರಲಿಲ್ಲ, ನಾನು ಹೋದೆ. ಗೌಡರು ಛತ್ರದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಂದವರಿಗೆಲ್ಲ ಕೈಮುಗಿಯುತ್ತಿದ್ದರು, ಕಣ್ಣು ಮಾತ್ರ ರಸ್ತೆಯಲ್ಲಿತ್ತು. ನನ್ನನ್ನು ಕಂಡು, "ಹಾನುಬಾಳ್ ಬಸ್ಸು ಬಂತಾ?" ಎಂದು ಕೇಳಿದರು. ಯಾರೋ ನೆಂಟರು ಬರ‍ಬೇಕೇನೋ ಎಂದುಕೊಂಡು, ಬಂದು ಹೋಯಿತು ಎಂದೆ. ಧಾರೆಗೆ ಕರೆದಾಗ ಹೋಗಿ, ಮುಗಿದ ಕೂಡಲೇ ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕೂತರು. ಊಟಕ್ಕೆ ಏಳಿಸಲು ಬಂದ ಅವರ ಹೆಂಡತಿ ಸೋತು ನನ್ನ ಹತ್ತಿರ ಬಂದರು. "ಬೆಳಗ್ಗಿಂದ ಬಾಗ್ಲು ಬುಟ್ ಏಳ್ತಿಲ್ಲ. ಮಗಳು ಬತ್ತಾಳೆ ಅಂತ. ಬಂದ್ರೆ ಯಾರೂ ಒಂದ್ ಮಾತಾಡ್ಕೂಡ್ದು ಅಂತ ದೊಡ್ಡೋನ್ಗೂ ಹೇಳವ್ರೆ. ಸೀರೆನೂ ತರ್ಸವ್ರೆ" ಎಂದರು. ಎಲೆಯ ಮುಂದೆ ಕೂತಿದ್ದ ನಾನು ಅರ್ಧ ಊಟಕ್ಕೇ ಎಲೆ ಮಡಿಸಿ ಎದ್ದೆ.

ನಾನು ಅದನ್ನು ಬಾಯಮ್ಮನಿಗೆ ಹೇಳುವುದೋ ಬಿಡುವುದೋ ಎಂದು ಒದ್ದಾಡುತ್ತಿರುವಾಗಲೇ ಗೌಡರೇ ಬಂದುಬಿಟ್ಟರು. ಬೆಂಚಿನ ಮೇಲೆ ಕೂರದೆ ಬಾಗಿಲಲ್ಲೇ ನಿಂತರು.

"ನೀವು ಹಾನುಬಾಳಿಗೆ ಹೋಗಿದ್ರಂತೆ."

"ಹೌದು ಗೌಡ್ರೆ. ನಿಮಗೆ ಹೇಳಿಯೇ ಹೋದದ್ದು."

"ನಾನ್ ಹೋಗಿ ಅಂದಿದ್ನಾ?"

"ಬೇಡ ಅಂತಲೂ ಹೇಳಲಿಲ್ಲ ನೀವು."

"ಹೆಂಗಮ್ಮ ಹೇಳ್ಲಿ?" ಎಂದರು ಗೌಡರು. "ಊರ್ ಮುಂದೆ ಎಳ್ಳುನೀರು ಬುಟ್ಟೋನು ನಾನು. ಬಾ ಅಂತ ಈ ಬಾಯಲ್ಲಿ ಹೆಂಗ್ ಬತ್ತದೆ? ನನ್ ಕೈಲಾಗದ್ದ ನಿಮ್ ಮಿಷನ್ ಮಾಡ್ತು, ದೇವ್ರೇ ಮಾಡ್ಸ್ದ ಅಂದ್ಕಂಡಿದ್ದೆ ಕಣಮ್ಮ. ಅದ್ನ ಹೋಗಿ ತಪ್ಪು ಅಂದ್ಬುಟ್ರಿ."

ಬಾಯಮ್ಮನ ಕೈ ಕೀಬೋರ್ಡಿನ ಮೇಲೆ ಹಾಗೇ ಇತ್ತು. ಗೌಡರು ಸ್ವಲ್ಪ ನಿಂತು, ಟವೆಲಿನಲ್ಲಿ ಮುಖ ಒರೆಸಿಕೊಂಡು ಹೊರಟುಹೋದರು.

ಬಾಯಮ್ಮ ಅಂದೇ ಹಾನುಬಾಳಿನ ಬಸ್ಸು ಹತ್ತಿದರು. ನನ್ನನ್ನು ಕರೆಯಲಿಲ್ಲ. ಸಂಜೆ ಬಂದವರು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು, ನಾನು ಕೇಳದೆಯೇ ಹೇಳಿದರು. ಅಪ್ಪ ಬಾಗಿಲಲ್ಲಿ ಕಾಯುತ್ತಿದ್ದರು, ಈಗಲೂ ಹೋಗು ಎಂದು ಎಷ್ಟು ಹೇಳಿದರೂ ಹುಡುಗಿ ತಲೆ ಎತ್ತಲಿಲ್ಲವಂತೆ. ಕೊನೆಗೆ, "ಮೊದ್ಲು ಕರ್ದಿಲ್ಲ, ಅದು ತಪ್ಪು ಅಂದ್ರಿ. ಈಗ ಕಾಯ್ತಿದ್ರು ಅಂತೀರಿ. ನಾನ್ ಯಾವ್ದ ನಂಬ್ಲಿ ಬಾಯಮ್ಮ? ನಿಮ್ಗೆ ನನ್ನ ನೋಡಿ ಪಾಪ ಅನ್ನಿಸ್ತು, ಅದುಕ್ಕೆ ಹೇಳ್ತಿದೀರಿ" ಎಂದಳಂತೆ.

"ಅವಳು ಹೇಳಿದ್ದು ಸರಿ ಉಂಟು," ಎಂದರು ಬಾಯಮ್ಮ. "ನಾನಾದರೂ ನಂಬುತ್ತಿರಲಿಲ್ಲ."

ಇನ್ನೊಂದೆರಡು ಸಲ ಹೋದರು. ಗೌಡರಿಗೂ ಹೇಳಿ ಕಳಿಸಿದರು, ನೀವೇ ಒಂದು ಹೆಜ್ಜೆ ಇಡಿ ಎಂದು. ಗೌಡರಿಗೆ ಅದು ಆಗಲಿಲ್ಲ. ಮಳೆ ಹಿಡಿಯಿತು, ನಾಟಿ ಮುಗಿಯಿತು. ದೀಪಾವಳಿಗೆ ಮುಂಚೆ ಗೌಡರು ಕಣದಲ್ಲೇ ಎದೆ ಹಿಡಿದುಕೊಂಡು ಬಿದ್ದು ಹೋಗಿಬಿಟ್ಟರು.

ಮಗಳು ಬಂದಳು. ತಾಯಿ ಎದ್ದು ಹೋಗಿ, ಯಾರನ್ನೂ ಕೇಳದೆ, ಕೈಹಿಡಿದು ಹೆಣದ ಹತ್ತಿರ ಕರೆತಂದರು. ಹುಡುಗಿ ಅಪ್ಪನ ಪಾದ ಹಿಡಿದುಕೊಂಡು, "ನಿಜವಾಗ್ಲೂ ಕಾಯ್ತಿದ್ರಾ ಅವ್ವ?" ಎಂದು ಕೇಳಿದಳು. "ಬಾಗ್ಲಲ್ಲೇ ಕೂತಿದ್ರು ಕಣವ್ವ. ಉಣ್ಣಕ್ಕೂ ಏಳ್ಲಿಲ್ಲ" ಎಂದರು ತಾಯಿ. ನನ್ನ ಪಕ್ಕದಲ್ಲಿದ್ದ ಬಾಯಮ್ಮ ಹಿಂದಕ್ಕೆ ಸರಿದು, ಕಾಫಿ ಗಿಡಗಳ ಸಾಲಿನ ಕಡೆ ಹೋಗಿ ಒಬ್ಬರೇ ನಿಂತರು. ಅವರ ಭುಜ ಅಲುಗುತ್ತಿತ್ತು. ನಾನು ಹತ್ತಿರ ಹೋಗಲಿಲ್ಲ.

ಅದರ ನಂತರವೂ ಅವರು ಬಹಳ ವರ್ಷ ಕೆಲಸ ಮಾಡಿದರು. ಫ್ಲಾಪಿ ಹೋಗಿ ಸಿಡಿ ಬಂತು. ಜನ ಹಾಳಾದದ್ದನ್ನು ತರುತ್ತಲೇ ಇದ್ದರು, ಅವರು ತೆಗೆದುಕೊಡುತ್ತಲೇ ಇದ್ದರು. ಆದರೆ ಪರದೆಯ ಮೇಲೆ ಅಕ್ಷರ ಮೂಡಿದಾಗ ಮೆಲ್ಲಗೆ ಆ ಒಂದು ಮಾತು ಹೇಳುವುದನ್ನು ಬಿಟ್ಟುಬಿಟ್ಟಿದ್ದರು. "ನೋಡಿಕೊಳ್ಳಿ, ಪೂರ್ತಿ ಓದಿ" ಎಂದಷ್ಟೇ ಹೇಳಿ ಎದ್ದು ಹೊರಗೆ ಬಂದು ನಿಲ್ಲುವರು. ಬೈಗುಳವೂ ಕಡಿಮೆಯಾಯಿತು. ಗಲ್ಲಿಯವರು ವಯಸ್ಸಾಯಿತು ಎಂದುಕೊಂಡರು. ನನಗೆ ಗೊತ್ತಿತ್ತು, ಆದರೆ ನಾವಿಬ್ಬರೂ ಅದರ ಬಗ್ಗೆ ಮತ್ತೆ ಮಾತಾಡಲಿಲ್ಲ. ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾದ ಮೇಲೆ ತಂಗಿ ಮತ್ತೆ ಕರೆಯಲು ಬಂದಳು. ಈ ಸಲವೂ ಹೋಗಲಿಲ್ಲ.

ಚರ್ಚಿನ ಸ್ಮಶಾನದಲ್ಲಿ ಗಂಡನ ಪಕ್ಕದಲ್ಲಿ ಮಣ್ಣು ಮಾಡಿದರು. ಗಲ್ಲಿಯವರೆಲ್ಲ ಬಂದಿದ್ದರು. ಪಾದ್ರಿಗಳ ಪ್ರಾರ್ಥನೆ ಮುಗಿದು ಜನ ಕರಗುತ್ತಿದ್ದಾಗ, ಗೋಡೆಯ ಹತ್ತಿರ ನಿಂತಿದ್ದ ಹೆಂಗಸೊಬ್ಬಳು ಬಂದು ಒಂದು ಹಿಡಿ ಮಣ್ಣು ಹಾಕಿ, ಅಲ್ಲೇ ಕುಳಿತುಬಿಟ್ಟಳು. ಗೌಡರ ಮಗಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ನಾನು ಪಕ್ಕದಲ್ಲಿ ಹೋಗಿ ನಿಂತೆ.

"ಬಾಯಮ್ಮನ ಮೇಲೆ ಸಿಟ್ಟಿಲ್ಲವೇನಮ್ಮ?" ಎಂದು ಕೇಳಿದೆ. ಕೇಳಬಾರದಿತ್ತೇನೋ, ಆದರೆ ಅಷ್ಟು ವರ್ಷ ಒಳಗೇ ಇದ್ದ ಮಾತು ಬಾಯಿಗೆ ಬಂದುಬಿಟ್ಟಿತು.

ಅವಳು ಮಣ್ಣಾದ ಕೈಯನ್ನೇ ನೋಡಿಕೊಂಡಳು. "ಅವ್ರ ಮ್ಯಾಲೆ ಯಾಕಣ್ಣ ಸಿಟ್ಟು? ಅವ್ರು ಎರಡ್ ಸಲಾನೂ ನಿಜಾನೇ ಹೇಳಿದ್ರು. ಎರಡ್ನೇ ಸಲ ನಾನೇ ನಂಬ್ಲಿಲ್ಲ. ಅಪ್ಪ ಇನ್ನೂ ಇದ್ರಲ್ಲ ಆಗ. ಇಡೀ ಮಳೆಗಾಲ ಇತ್ತು. ಬೆಳಗೋಡೇನ್ ದೂರಾನಾ? ಹೋಗ್ಬೌದಿತ್ತು."